ಹಳೇ ಅಲ್ಯೂಮಿನಿಯಂ ದೋಣಿ: ಯಾವ ಅಂಟು, ಯಾವ ಹಲಗೆ, ಯಾವ ನೆಲ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಹಳೆಯ ಅಲ್ಯೂಮಿನಿಯಂ ದೋಣಿಗಳಿಗೆ ಬರವಿಲ್ಲ. ಅಲ್ಯುಮಾಕ್ರಾಫ್ಟ್ ಮತ್ತು ಕ್ರೆಸ್ಟ್‌ಲೈನರ್ 1946ರಲ್ಲಿ, ಲುಂಡ್ 1948ರಲ್ಲಿ ಇದೇ ರಾಜ್ಯದಲ್ಲಿ ಹುಟ್ಟಿದ ಕಂಪನಿಗಳು. ಮಹಾಯುದ್ಧ ಮುಗಿದಾಗ ವಿಮಾನಕ್ಕೆ ಹೋಗುತ್ತಿದ್ದ ಅಲ್ಯೂಮಿನಿಯಂ ತಗಡು ಮಿಕ್ಕಿತ್ತು, ತಗಡುಗಳನ್ನು ಜೋಡಿಸುವ ರಿವೆಟ್ ಎಂಬ ಲೋಹದ ಮೊಳೆ ಬಡಿಯಲು ಕಲಿತ ಕೈಗಳೂ ಮಿಕ್ಕಿದ್ದವು. ವಿಮಾನ ಕಟ್ಟುತ್ತಿದ್ದ ಗ್ರಮ್ಮನ್ ಕಂಪನಿಯೇ ಅಲ್ಯೂಮಿನಿಯಂ ಕನೂ, ಅಂದರೆ ಹುಟ್ಟು ಹಾಕಿ ನಡೆಸುವ ಕಿರುದೋಣಿ, ಮಾಡಲು ಇಳಿದದ್ದು ಆ ಹೊತ್ತಿನಲ್ಲಿ. ಅಂದಿನಿಂದ ತಯಾರಾದ ದೋಣಿಗಳು ಈಗಲೂ ಮನೆಗಳ ಹಿಂದೆ ಹುಲ್ಲಿನ ಮೇಲೆ ಬೋರಲು ಬಿದ್ದಿರುತ್ತವೆ. ಬೆಲೆ ಕೇಳಿದರೆ ದೋಣಿ ಸಾಗಿಸುವ ಟ್ರೇಲರ್‌ಗೆ ಇಷ್ಟು, ದೋಣಿ ಜೊತೆಗೆ ಬರುತ್ತದೆ ಎಂಬ ಧಾಟಿಯಲ್ಲಿ ಹೇಳುತ್ತಾರೆ.

ನನ್ನದು 1970ರ ದಶಕದ, 14 ಅಡಿಯ, ವಿ ಆಕಾರದ ತಳದ ದೋಣಿ. ಇಲ್ಲೇ ಇರುವ ಹಾಸನ ಮೂಲದ ಗೆಳೆಯನದು 12 ಅಡಿಯ ಚಪ್ಪಟೆ ತಳದ ಜಾನ್ ಬೋಟ್. ಎರಡನ್ನೂ ನನ್ನ ಗರಾಜಿನಲ್ಲೇ ಬಿಚ್ಚಿ ಕಟ್ಟಿದ್ದರಿಂದ ಒಂದೇ ಕೆಲಸಕ್ಕೆ ಎರಡು ಮೂರು ದಾರಿ ಹಿಡಿದು ನೋಡಲು ಅವಕಾಶ ಸಿಕ್ಕಿತು. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ದೋಣಿಯೊಳಗೆ ನೀರು ಬಂದೇ ಬರುತ್ತದೆ. ಮಳೆ, ಒದ್ದೆ ಹಗ್ಗ, ಒದ್ದಾಡುವ ಮೀನು, ಯಾವುದಾದರೊಂದು ನೆಪ. ನೀರು ಬರುವುದೇ ಇಲ್ಲವೆಂದು ಮಾತು ಕೊಡುವ ಸಾಮಾನಿಗಿಂತ, ಬಂದ ನೀರನ್ನು ಹೊರಗೆ ಬಿಡುವ, ಮುಂದಿನ ವಸಂತದಲ್ಲಿ ನಾಲ್ಕು ಸ್ಕ್ರೂ ತೆಗೆದರೆ ಒಳಗೆ ಇಣುಕಲು ಬಿಡುವ ಸಾಮಾನೇ ನನಗೆ ಮೇಲು. ಕೆಳಗಿನ ಹೋಲಿಕೆಯಲ್ಲಿ ಆ ಒಲವು ಎಲ್ಲ ಕಡೆ ಕಾಣುತ್ತದೆ.

ಸೋರುವ ರಿವೆಟ್‌ಗಳು

ಮೊದಲು ಸೋರುವ ಜಾಗ ಪತ್ತೆಯಾಗಬೇಕು. ದೋಣಿಯನ್ನು ಟ್ರೇಲರ್ ಮೇಲೆ ನಿಲ್ಲಿಸಿ ಒಳಗೆ ಎರಡು ಮೂರು ಇಂಚು ನೀರು ಬಿಟ್ಟು, ಕೆಳಗೆ ಮಲಗಿ, ತೊಟ್ಟಿಕ್ಕುವ ಪ್ರತಿ ರಿವೆಟ್‌ಗೂ ಬಣ್ಣದ ಪೆನ್ಸಿಲ್‌ನಿಂದ ಸುತ್ತು ಹಾಕುವುದು. ಹೆಚ್ಚು ನೀರು ಬಿಡಬಾರದು. ನೀರಿನ ಭಾರ ನೋಡನೋಡುತ್ತಲೇ ನೂರಾರು ಕಿಲೋ ದಾಟುತ್ತದೆ; ಕೆರೆಯಲ್ಲಿ ತಳವಿಡೀ ಹಂಚಿಹೋಗುವ ಒತ್ತಡ ಇಲ್ಲಿ ಟ್ರೇಲರ್‌ನ ನಾಲ್ಕು ರೋಲರ್ ಮೇಲೆ ಬೀಳುತ್ತದೆ. ನನ್ನ ದೋಣಿಯಲ್ಲಿ ಕೀಲ್, ಅಂದರೆ ತಳದ ನಡುಪಟ್ಟಿಯ ಉದ್ದಕ್ಕೂ, ನಡುವಿನ ಬೆಂಚಿನ ಅಡಿಯಲ್ಲೂ ಸುತ್ತುಗಳೇ ಸುತ್ತುಗಳು.

ಬೇರೆ ಬೇರೆ ಸಾಲಿಗೆ ಬೇರೆ ಬೇರೆ ಚಿಕಿತ್ಸೆ ಮಾಡಿದೆ.

ಹಡಗಂಗಡಿಯಲ್ಲಿ ಸಿಗುವ ಬಿಳಿ ಪಾಲಿಯುರೆಥೇನ್ ಅಂಟನ್ನು ಹೊರಗಿನಿಂದ ರಿವೆಟ್ ತಲೆಯ ಮೇಲೆ ಬಳಿಯುವುದು ಎಲ್ಲಕ್ಕಿಂತ ಸುಲಭ. ದೋಣಿ ತಿರುಗಿಸಿ, ಬ್ರಷ್‌ನಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಬೆರಳಿನಿಂದ ಹಚ್ಚಿದರೆ ಸಾಕು. ಪೂರ್ತಿ ಗಟ್ಟಿಯಾಗಲು ವಾರದಷ್ಟು ಹೊತ್ತು ಬೇಕೆನ್ನುವುದು ಬಿಟ್ಟರೆ ತಕರಾರಿಲ್ಲ. ಮೊದಲ ಋತು ಪೂರ್ತಿ ಆ ಸಾಲು ಒಣಗಿಯೇ ಇತ್ತು. ಎರಡನೆಯ ಋತುವಿಗೆ ಸಡಿಲವಾದ ರಿವೆಟ್‌ಗಳ ಸುತ್ತ ಅಂಟಿನ ಅಂಚು ಎದ್ದಿತು. ತಪ್ಪು ಅಂಟಿನದಲ್ಲ. ಒಳಗೆ ರಿವೆಟ್ ಅಲುಗಾಡುತ್ತಿದ್ದರೆ ಮೇಲಿನ ತೇಪೆ ಎಷ್ಟು ದಿನ ತಡೆದೀತು? ಅದಕ್ಕಿಂತ ದೊಡ್ಡ ತೊಂದರೆ ಆಮೇಲಿನದು. ಆ ಜಾಗಕ್ಕೆ ಬೇರೆ ಏನು ಮಾಡಬೇಕಾದರೂ ಹಳೆಯ ಅಂಟನ್ನು ಕೆರೆದು ತೆಗೆಯಬೇಕು, ಅದು ಮಧ್ಯಾಹ್ನವಿಡೀ ನುಂಗುವ ಕೆಲಸ.

ಟಾರ್ಚಿನಿಂದ ಕಾಯಿಸಿ ಕರಗಿಸುವ ಅಲ್ಯೂಮಿನಿಯಂ ಬೆಸುಗೆ ಕೋಲನ್ನೂ ತಂದೆ. ಪ್ರಾತ್ಯಕ್ಷಿಕೆಯ ವಿಡಿಯೋಗಳಲ್ಲಿ ಅದು ಜಾದೂ. ಗುಜರಿ ತಗಡಿನ ಮೇಲೆ ನನ್ನ ಕೈಯಲ್ಲೂ ಚೆನ್ನಾಗಿಯೇ ಹಿಡಿಯಿತು. ದೋಣಿಯ ಮಾತೇ ಬೇರೆ. ಕೋಲು ಕರಗುವುದು ಸುಮಾರು 390 ಡಿಗ್ರಿ ಸೆಲ್ಸಿಯಸ್‌ಗೆ. ಅಲ್ಲಿಯತನಕ ಕಾಯಿಸಿದ ಶಾಖವನ್ನೆಲ್ಲ ಅಷ್ಟುದ್ದದ ತಗಡು ಹೀರಿಕೊಂಡುಬಿಡುತ್ತದೆ. ಎರಡು ತಗಡುಗಳ ನಡುವಿನ ಸಂದಿಯಲ್ಲಿ ಐವತ್ತು ವರ್ಷದ ಕೊಳೆ, ಹಳೆಯ ಸೀಲರ್. ಅವುಗಳ ಮೇಲೆ ಬೆಸುಗೆ ಕೂರುವುದಿಲ್ಲ. ಹಟ ಹಿಡಿದು ಇನ್ನಷ್ಟು ಕಾಯಿಸೋಣ ಎಂದರೆ ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಮುನ್ಸೂಚನೆ ಕೊಡುವ ಲೋಹವಲ್ಲ, 660 ಡಿಗ್ರಿ ತಲುಪುವ ಮೊದಲೇ ಸದ್ದಿಲ್ಲದೆ ಕುಸಿದು ತೂತಾಗುತ್ತದೆ. ರಿವೆಟ್ ಸಾಲಿಗೆ ಇದು ತಕ್ಕ ದಾರಿಯೇ ಅಲ್ಲ. ಬದಿಯಲ್ಲಿ ಒಂಟಿ ಬಿರುಕು, ಎರಡೂ ಕಡೆಯಿಂದ ಶುಚಿ ಮಾಡಲು ಬರುತ್ತದೆ ಎಂದಾದರೆ ಮಾತ್ರ ಯೋಚಿಸಬಹುದು.

ಮೂರನೆಯದು ರಿವೆಟ್‌ಗೆ ರಿವೆಟ್. ಗಟ್ಟಿ ರಿವೆಟ್ ಬಡಿಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಏರ್ ಹ್ಯಾಮರ್‌ಗೆ ರಿವೆಟ್ ಸೆಟ್ ಹಾಕಿ ತಲೆಗೆ ಒತ್ತಿ ಹಿಡಿಯಬೇಕು. ಒಳಗೆ ಇನ್ನೊಬ್ಬರು ಬಕಿಂಗ್ ಬಾರ್ ಎಂಬ ಕಬ್ಬಿಣದ ಗಟ್ಟಿಯನ್ನು ಬಾಲಕ್ಕೆ ಆನಿಸಿ ಹಿಡಿಯಬೇಕು. ನಮ್ಮಲ್ಲಿ ಒಳಗಿನ ಕೆಲಸ ಮಗಳದು. ಕಿವಿಗೆ ಮಫ್ ಹಾಕಿಕೊಂಡಿದ್ದರೂ ಮೊದಲ ಬಡಿತಕ್ಕೇ "ಅಪ್ಪಾ, ಇದು ಡಬ್ಬದೊಳಗೆ ಕೂತು ಸಿಡಿಲು ಕೇಳಿದ ಹಾಗಿದೆ" ಎಂದಳು. ಹಳೆಯ ರಿವೆಟ್ ಸ್ವಲ್ಪವೇ ಸಡಿಲವಾಗಿದ್ದರೆ ಹಾಗೆಯೇ ಇನ್ನೆರಡು ಬಡಿತ ಕೊಟ್ಟು ಬಿಗಿ ಮಾಡಬಹುದು. ತಲೆ ಸವೆದಿದ್ದರೆ ನಡುವಿಗೆ ಕೊರೆದು, ಪಂಚ್‌ನಿಂದ ತಳ್ಳಿ, ಹೊಸದನ್ನು ಹಾಕಬೇಕು. ಅಳತೆಯ ಸೂತ್ರ ನೆನಪಿಡುವಂಥದ್ದು. ತಗಡುಗಳ ಒಟ್ಟು ದಪ್ಪ ದಾಟಿ ರಿವೆಟ್‌ನ ವ್ಯಾಸದ ಒಂದೂವರೆ ಪಟ್ಟು ಬಾಲ ಹೊರಗುಳಿಯಬೇಕು. ಬಡಿದ ಮೇಲೆ ಆ ಬಾಲ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರಕ್ಕೆ ಚಪ್ಪಟೆಯಾಗಬೇಕು. ನಮ್ಮ ದೋಣಿಯಲ್ಲಿರುವ 3/16 ಇಂಚಿನ ರಿವೆಟ್‌ಗೆ ಅಂದರೆ ಸುಮಾರು 7 ಮಿ.ಮೀ. ಬಾಲ.

ಒಬ್ಬರೇ ಮಾಡಬಹುದಾದ ಪಾಪ್ ರಿವೆಟ್ ಬಗ್ಗೆ ಒಂದೇ ಮಾತು. ಸಾಮಾನ್ಯ ಪಾಪ್ ರಿವೆಟ್ ನಡುವೆ ಟೊಳ್ಳು, ನೀರಿಗೆ ಅದು ಬಾಗಿಲು. ತುದಿ ಮುಚ್ಚಿದ ಬಗೆಯದನ್ನು ಸೀಲರ್‌ನಲ್ಲಿ ಅದ್ದಿ ಹಾಕಿದರೆ ನಡೆಯುತ್ತದೆ. ಬೆಂಚಿನ ಅಡಿಯಲ್ಲಿ ಮಗಳ ಕೈಯೂ ಹೋಗದ ಮೂಲೆಗಳಲ್ಲಿ ಮಾತ್ರ ಅದನ್ನು ಹಾಕಿದೆ.

ಇದೆಲ್ಲ ಆದ ಮೇಲೆ ಒಳಗಿನಿಂದ ಗ್ಲುವಿಟ್ ಎಂಬ ತೆಳು ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು, ಬಳಿದೆವು. ದುಬಾರಿ. ಆದರೆ ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಅದು ಎಣ್ಣೆಯಂತೆ ಹರಿದು ಸಂದಿಗಳಿಗೆ ಇಳಿಯುವುದನ್ನು ನೋಡಿದರೆ ದುಡ್ಡು ಯಾತಕ್ಕೆ ಹೋಯಿತೆಂದು ತಿಳಿಯುತ್ತದೆ. ಗೆಳೆಯ ಜಾನ್ ಬೋಟ್‌ನಲ್ಲಿ ರಿವೆಟ್ ಮುಟ್ಟದೆ ಬರೀ ಎಪಾಕ್ಸಿಯನ್ನೇ ನಂಬಿದ. ನನ್ನದರಲ್ಲಿ ಮೊದಲು ಬಿಗಿ, ಆಮೇಲೆ ಎಪಾಕ್ಸಿ. ಅವನ ದೋಣಿ ಈಗಲೂ ದಿನಕ್ಕೆ ಒಂದು ಲೋಟ ನೀರು ಕುಡಿಯುತ್ತದೆ, ನನ್ನದು ಕುಡಿಯುವುದಿಲ್ಲ. ಅವನ ವಾದ: ಒಂದು ಲೋಟಕ್ಕೆ ಯಾರು ಅಷ್ಟು ಸದ್ದು ಸಹಿಸುತ್ತಾರೆ? ಅದೂ ನ್ಯಾಯವೇ. ಸಣ್ಣ ಕೆರೆ, ಸಣ್ಣ ಮೋಟರ್, ತೇಲಿಕೊಂಡು ಕೂರುವವರಿಗೆ ಎಪಾಕ್ಸಿ ಒಂದೇ ಸಾಕು. ಮಿಲ್ ಲಾಕ್ಸ್‌ನಂಥ ದೊಡ್ಡ ಕೆರೆಯ ಅಲೆಗಳಲ್ಲಿ ತಳ ಬಡಿಸಿಕೊಂಡು ಹೋಗುವುದಿದ್ದರೆ ರಿವೆಟ್ ಬಿಗಿಯಿರಲೇಬೇಕು.

ಹಿಂಬದಿಯ ಹಲಗೆ

ಮೋಟರ್ ತೂಗುವ ಹಿಂಬದಿಗೆ ಇಲ್ಲಿ ಟ್ರಾನ್ಸಮ್ ಎನ್ನುತ್ತಾರೆ. ಅಲ್ಯೂಮಿನಿಯಂ ದೋಣಿಯಾದರೂ ಅದರ ಹೊಟ್ಟೆಯಲ್ಲಿರುವುದು ಮರ. ಮುಕ್ಕಾಲು ಇಂಚಿನ ಎರಡು ಪ್ಲೈವುಡ್ ಜೋಡಿಸಿದ ಒಂದೂವರೆ ಇಂಚಿನ ಹಲಗೆ. ದೋಣಿ ಕೊಳ್ಳುವಾಗ ಮೋಟರ್‌ನ ಕೆಳಭಾಗ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ಹಿಂಬದಿ ಉಸಿರಾಡಿದಂತೆ ಕಂಡರೆ ಒಳಗಿನ ಹಲಗೆ ಮಣ್ಣಾಗಿದೆ ಎಂದರ್ಥ.

ನನ್ನ ದೋಣಿಯ ಹಿಂದಿನ ಮಾಲೀಕರು ಯಾರೋ ಅಲ್ಲಿ ಹಿತ್ತಲಿನ ಮರದ ಜಗಲಿಗೆ ಬಳಸುವ, ಔಷಧಿ ಹಾಕಿದ ಹಸಿರು ಛಾಯೆಯ ಹಲಗೆ ಕೂರಿಸಿದ್ದರು. ಕೊಳೆಯದ ಮರ, ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕೇಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಬಿಚ್ಚಿ ನೋಡಿದರೆ ಮರ ನಿಜಕ್ಕೂ ಹೊಸದರಂತಿತ್ತು, ಅದಕ್ಕೆ ತಾಗಿದ್ದ ಅಲ್ಯೂಮಿನಿಯಂ ಮಾತ್ರ ಬಿಳಿ ಪುಡಿಯಾಗಿ ಉದುರುತ್ತಿತ್ತು. ಇಲ್ಲಿ ಮನೆಬಳಕೆಯ ಮರಕ್ಕೆ 2003ರ ಕೊನೆಯತನಕ ಹಾಕುತ್ತಿದ್ದ ಆರ್ಸೆನಿಕ್ ಮಿಶ್ರಣ ನಿಂತು, ತಾಮ್ರದ ಅಂಶ ಹೆಚ್ಚಿರುವ ಔಷಧಿ ಬಂತು. ತಾಮ್ರ, ನೀರು, ಅಲ್ಯೂಮಿನಿಯಂ ಮೂರೂ ಸೇರಿದಲ್ಲಿ ಸಣ್ಣ ಬ್ಯಾಟರಿಯೇ ಆಗುತ್ತದೆ. ಅದರಲ್ಲಿ ಕರಗಿಹೋಗುವ ಪಾಲು ಅಲ್ಯೂಮಿನಿಯಂನದು. ಈ ಹಲಗೆಗೆ ಬಣ್ಣ ಹಚ್ಚಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಬೋಲ್ಟ್ ತೂತಿನಲ್ಲಿ ಬಣ್ಣ ಎಷ್ಟು ದಿನ ನಿಲ್ಲುತ್ತದೆ? ಬೇಡ.

ಅದರ ಜಾಗಕ್ಕೆ ನಾನು ತಂದದ್ದು ಫರ್ ಮರದ ಮರೀನ್ ಪ್ಲೈವುಡ್. ಹೊರಾಂಗಣದ ಮಾಮೂಲಿ ಪ್ಲೈಗೂ ಇದಕ್ಕೂ ಅಂಟಿನಲ್ಲಿ ದೊಡ್ಡ ಭೇದವಿಲ್ಲ, ಎರಡೂ ನೀರಿಗೆ ಬಿಡದ ಅಂಟೇ. ಭೇದವಿರುವುದು ಒಳಪದರದಲ್ಲಿ. ಮಾಮೂಲಿ ಪ್ಲೈ ಸೀಳಿದರೆ ನಡುವೆ ಗಂಟು ಬಿದ್ದುಹೋದ ಟೊಳ್ಳುಗಳು ಕಾಣುತ್ತವೆ, ನೀರು ಅಲ್ಲಿ ಮನೆ ಮಾಡುತ್ತದೆ. ಎರಡು ಪದರವನ್ನು ಎಪಾಕ್ಸಿಯಲ್ಲಿ ಜೋಡಿಸಿ, ಅಂಚುಗಳಿಗೆ ಹೆಚ್ಚು ಸಲ ಎಪಾಕ್ಸಿ ಕುಡಿಸಿದೆ. ಬೋಲ್ಟ್ ತೂತುಗಳನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿಸಿ, ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆದೆ. ಬೋಲ್ಟ್ ಇಡೀ ಆಯುಷ್ಯದಲ್ಲಿ ಮರವನ್ನು ಮುಟ್ಟುವುದೇ ಇಲ್ಲ. ಟ್ರಾನ್ಸಮ್ ಕೊಳೆಯುವುದು ಬಹುಪಾಲು ಈ ತೂತುಗಳಿಂದಲೇ, ಆದ್ದರಿಂದ ಹಲಗೆಯ ಜಾತಿಗಿಂತ ತೂತಿನ ಉಪಚಾರ ದೊಡ್ಡದು. ನಮ್ಮ ಕರಾವಳಿಯ ಹಳೆಯ ಮರದ ದೋಣಿಗಳಿಗೆ ವರ್ಷವರ್ಷ ಮೀನೆಣ್ಣೆ, ಗೇರೆಣ್ಣೆ ಹಚ್ಚುತ್ತಿದ್ದುದನ್ನು ಹೊನ್ನಾವರದಲ್ಲಿ ಕಂಡು ಬೆಳೆದವನು ನಾನು. ಮರವನ್ನು ಒಮ್ಮೆ ಮುಚ್ಚಿ ಮರೆತುಬಿಡು ಎನ್ನುವ ಈ ಕ್ರಮಕ್ಕೆ ನನ್ನ ಮನಸ್ಸು ಪೂರ್ತಿ ಒಗ್ಗಿಲ್ಲ.

ಗೆಳೆಯ ಮರವೇ ಬೇಡ ಎಂದ. ಕೂಸಾ ಎಂಬ ಬೋರ್ಡ್ ತರಿಸಿದ. ಗಾಜಿನ ನಾರು ಬೆರೆತ ಗಟ್ಟಿ ಪಾಲಿಯುರೆಥೇನ್ ಫೋಮ್, ಪ್ಲೈಗಿಂತ ಹಗುರ, ಕೊಳೆಯುವ ಪ್ರಶ್ನೆಯೇ ಇಲ್ಲ. ಕತ್ತರಿಸಲು ಮರದಷ್ಟೇ ಸಲೀಸು, ಆದರೆ ಅದರ ಧೂಳು ಮೈಗೆ ತಾಗಿದರೆ ಅಂದಿನ ರಾತ್ರಿ ತುರಿಸಿಕೊಳ್ಳುವುದೇ ಕೆಲಸ. ಬೆಲೆ ಮರೀನ್ ಪ್ಲೈವುಡ್‌ನ ಹಲವು ಪಟ್ಟು. 12 ಅಡಿಯ ದೋಣಿಗೆ ಬೇಕಾದದ್ದು ಸಣ್ಣ ತುಂಡು, ಹಾಳೆ ಪೂರ್ತಿ ಕೊಳ್ಳಬೇಕು. ಅವನಿಗೆ ಮಿಕ್ಕಿದ್ದು ಕೂರುವ ಪೀಠದ ತಳಕ್ಕೆ ಹೋಯಿತು.

ನನ್ನ ತೀರ್ಪು ಮರೀನ್ ಪ್ಲೈವುಡ್ ಪರ, ಗೆಲುವಿನ ಅಂತರ ಮಾತ್ರ ಕಡಿಮೆ. ದೋಣಿಯನ್ನು ಮಕ್ಕಳಿಗೆ ಬಿಟ್ಟುಹೋಗುವ ಆಸೆಯಿದ್ದವರು ಕೂಸಾ ತರಲಿ. ಎರಡರಲ್ಲಿ ಯಾವುದಾದರೂ ಹಳೆಯ ಎತ್ತರವನ್ನು ಬದಲಿಸಬೇಡಿ. 15 ಇಂಚಿನ ಗಿಡ್ಡ ಶಾಫ್ಟ್ ಮೋಟರ್‌ಗೆ ಮಾಡಿದ ಹಿಂಬದಿ ಅದು.

ತೇಲುವ ಫೋಮ್

ಹಳೆಯ ಬೆಂಚಿನೊಳಗೆ ಸುರಿದಿದ್ದ ಫೋಮ್ ಕಿತ್ತಾಗ ನೀರು ಹಿಂಡಬಹುದಿತ್ತು. ಚಳಿಗಾಲದಲ್ಲಿ ಆ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಸುತ್ತಲಿನ ತಗಡನ್ನು ತಳ್ಳುತ್ತದೆ. ನಡುವಿನ ಬೆಂಚಿನಡಿ ಅಷ್ಟು ರಿವೆಟ್‌ಗಳು ಸಡಿಲವಾದದ್ದು ಏಕೆಂಬುದಕ್ಕೆ ಇದು ನನ್ನ ಊಹೆ.

ಎರಡು ದ್ರವ ಬೆರೆಸಿ ಸುರಿಯುವ ಫೋಮ್ ಮೂಲೆಮೂಲೆ ತುಂಬುತ್ತದೆ, ದೋಣಿಯನ್ನು ಗಟ್ಟಿಯೂ ಮಾಡುತ್ತದೆ. ಒಂದು ಘನ ಅಡಿಗೆ ಎರಡು ಪೌಂಡ್ ತೂಗುವ ಮಾಮೂಲಿ ಬಗೆ ಸುಮಾರು 60 ಪೌಂಡ್ ಭಾರ ತೇಲಿಸುತ್ತದೆ. ಮನೆ ಗೋಡೆಗೆ ಹಾಕುವ ಗುಲಾಬಿ ಅಥವಾ ನೀಲಿ ಪಾಲಿಸ್ಟೈರೀನ್ ಹಾಳೆಯನ್ನು ಚಾಕುವಿನಿಂದ ಕೊಯ್ದು ಜೋಡಿಸಿದರೂ ತೇಲುವಿಕೆ ಹೆಚ್ಚುಕಡಿಮೆ ಅಷ್ಟೇ. ಗೆಳೆಯ ಸುರಿದ, ನಾನು ಕೊಯ್ದೆ. ಹಾಳೆಗಳ ಅಡಿಯಲ್ಲಿ ಒಂದು ಬೆರಳು ಸಂದಿ ಬಿಟ್ಟಿದ್ದೇನೆ, ನೀರು ಹಿಂಬದಿಯ ತೂಬಿಗೆ ಹರಿದುಹೋಗುತ್ತದೆ. ಬೇಕಾದಾಗ ಹಾಳೆ ಹೊರಗೆಳೆದು ಒಣಗಿಸಬಹುದು. ಸುರಿದದ್ದನ್ನು ತೆಗೆಯುವುದೆಂದರೆ ಗರಗಸ ಹಿಡಿದು ಅಗೆಯುವುದು. ಪಾಲಿಸ್ಟೈರೀನ್‌ಗೆ ಪೆಟ್ರೋಲ್ ಆಗಿಬರುವುದಿಲ್ಲ, ತಾಗಿದಲ್ಲಿ ಕರಗಿ ಜಿಗುಟಾಗುತ್ತದೆ. ಟ್ಯಾಂಕ್ ಇಡುವ ಹಿಂದಿನ ಬೆಂಚಿಗೆ ನಾನೂ ಸುರಿದದ್ದನ್ನೇ ಹಾಕಿದೆ.

ಫೋಮನ್ನೇ ಬಿಟ್ಟುಬಿಡುವ ಮೂರನೆಯ ದಾರಿಯೂ ಇದೆ, ಬೆಂಚು ಖಾಲಿ ಮಾಡಿ ಡಬ್ಬ ಇಡುವ ಜಾಗ ಮಾಡಿಕೊಳ್ಳುವುದು. ಅದನ್ನು ಪ್ರಯತ್ನಿಸಿಲ್ಲ, ಪ್ರಯತ್ನಿಸುವುದೂ ಇಲ್ಲ. 1978ರಿಂದ ಈಚೆಗೆ ಅಮೆರಿಕದಲ್ಲಿ ಇಂಥ ಸಣ್ಣ ಮೋಟರ್ ದೋಣಿಗಳು ನೀರು ತುಂಬಿದರೂ ಮಟ್ಟಸವಾಗಿ ತೇಲಬೇಕೆಂಬ ನಿಯಮ ಬಂದದ್ದು ಸುಮ್ಮನೆ ಅಲ್ಲ. ನನ್ನದು ಅದಕ್ಕೂ ಹಳೆಯದು, ಮೇ ತಿಂಗಳ ಕೊರೆಯುವ ಕೆರೆ ನೀರಿಗೆ ಅದು ಗೊತ್ತಿರುವುದಿಲ್ಲ.

ನೆಲ ಮತ್ತು ಡೆಕ್

ದೋಣಿಯನ್ನು "ಬಾಸ್ ಬೋಟ್", ಅಂದರೆ ನಿಂತು ಗಾಳ ಬೀಸಲು ಅಗಲ ಡೆಕ್ ಇರುವ ಮೀನುದೋಣಿ, ಮಾಡುವ ಉಮೇದಿನಲ್ಲಿ ಮೊದಲು ಗರಗಸ ಬೀಳುವುದು ನಡುವಿನ ಬೆಂಚಿಗೆ. ಓಡಾಡಲು ಜಾಗವೇನೋ ಸಿಗುತ್ತದೆ. ಆದರೆ ಎರಡು ಬದಿಗಳನ್ನು ಹಿಡಿದಿಟ್ಟಿರುವುದು ಆ ಬೆಂಚೇ. ತೆಗೆದರೆ ಅಲೆಯಲ್ಲಿ ಬದಿಗಳು ಒಳಗೂ ಹೊರಗೂ ಮಿಸುಕುತ್ತವೆ, ರಿವೆಟ್ ಕತೆ ಮೊದಲಿನಿಂದ ಶುರು. ನಾವಿಬ್ಬರೂ ಬೆಂಚು ಉಳಿಸಿಕೊಂಡು ಮುಂದಿನ ಎರಡು ಬೆಂಚುಗಳ ನಡುವೆ ಮಾತ್ರ ತಗ್ಗಾದ ಡೆಕ್ ಕೂರಿಸಿದೆವು. ಅದನ್ನು ಬೆಂಚಿನ ಮಟ್ಟಕ್ಕಿಂತ ಎತ್ತರಿಸಬಾರದು. ಇಷ್ಟು ಕಿರಿದಾದ ದೋಣಿಯಲ್ಲಿ ನಿಂತು ಗಾಳ ಬೀಸುವಾಗ ಪ್ರತಿ ಇಂಚಿನ ಎತ್ತರವೂ ಕಾಲಿಗೆ ಗೊತ್ತಾಗುತ್ತದೆ. 1972ರ ಕೊನೆಯಿಂದ ಸಣ್ಣ ದೋಣಿಗಳಿಗೆ ಕಡ್ಡಾಯವಾದ ಭಾರಮಿತಿಯ ಫಲಕ ನಿಮ್ಮ ದೋಣಿಯಲ್ಲಿದ್ದರೆ, ಡೆಕ್‌ನ ತೂಕವನ್ನೂ ಅದರಲ್ಲೇ ಕಳೆಯಬೇಕು.

ಹೊದಿಕೆಗೆ ನಾನು ಅರ್ಧ ಇಂಚಿನ ಪ್ಲೈ ಮೇಲೆ ಮರೀನ್ ಕಾರ್ಪೆಟ್ ಹಾಕಿದೆ ಮೊದಲು. ಬರಿಗಾಲಿಗೆ ಹಿತ, ಸದ್ದಿಲ್ಲ, ಅಗ್ಗ. ಜೊತೆಗೆ ಗಾಳದ ಕೊಕ್ಕೆಗಳನ್ನು ಕಚ್ಚಿ ಹಿಡಿಯುತ್ತದೆ, ಮಳೆ ಬಂದ ಮೂರನೆಯ ದಿನವೂ ಅಡಿಯಲ್ಲಿ ಒದ್ದೆ ಇರುತ್ತದೆ, ಆಗಸ್ಟ್ ಹೊತ್ತಿಗೆ ವಾಸನೆಯಲ್ಲಿ ಮೀನುಪೇಟೆಯನ್ನೇ ನೆನಪಿಸುತ್ತದೆ. ಅದನ್ನು ಕಿತ್ತು 5052 ದರ್ಜೆಯ ಅಲ್ಯೂಮಿನಿಯಂ ತಗಡು ಹಾಕಿದೆ. ಹಗುರ, ಕೊಳೆಯುವುದಿಲ್ಲ, ಸ್ಕ್ರೂ ಬಿಚ್ಚಿದರೆ ತಳ ಪೂರ್ತಿ ಕಾಣುತ್ತದೆ. ಆದರೆ ಗಾಳಕ್ಕೆ ಕಟ್ಟುವ ಸೀಸದ ಗುಂಡು ಬಿದ್ದರೆ ಕೆರೆಗೆಲ್ಲ ಕೇಳಿಸುತ್ತದೆ, ಜುಲೈ ಮಧ್ಯಾಹ್ನ ಚಪ್ಪಲಿ ಬಿಡುವಂತಿಲ್ಲ. ಕೊನೆಗೆ ನಿಂತು ಗಾಳ ಹಾಕುವ ಜಾಗಕ್ಕೆ ಮಾತ್ರ ತಿಳಿ ಬೂದುಬಣ್ಣದ ಇವಿಎ ಎಂಬ ಮೆತ್ತನೆಯ ಫೋಮ್ ಹಾಸು ಅಂಟಿಸಿದೆ. ಕಪ್ಪು ಬಣ್ಣದ್ದನ್ನು ತಂದರೆ ಅದೂ ಸುಡುತ್ತದೆ. ತಗಡು ಮತ್ತು ಫೋಮ್ ತೇಪೆ, ಇದೇ ನನ್ನ ಆಯ್ಕೆ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಹಳೆಯ ಬಣ್ಣವನ್ನು ನಿಮಿಷಗಳಲ್ಲಿ ಎಬ್ಬಿಸುತ್ತಿದ್ದ ಮೆಥಿಲೀನ್ ಕ್ಲೋರೈಡ್ ಸ್ಟ್ರಿಪ್ಪರ್ 2019ರಿಂದ ಇಲ್ಲಿ ಮನೆಬಳಕೆಗೆ ಸಿಗುವುದಿಲ್ಲ, ಅದು ಪ್ರಾಣಕ್ಕೆ ಕುತ್ತು ತಂದ ಸಾಮಾನು. ಈಗಿನವು ನಿಧಾನ, ಪ್ಲಾಸ್ಟಿಕ್ ಹೊದಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಕೆರೆಯುವುದು. ಮೇಲೆ ಸೆಲ್ಫ್ ಎಚಿಂಗ್ ಪ್ರೈಮರ್, ಅಂದರೆ ಲೋಹವನ್ನು ತುಸು ಕೊರೆದು ಹಿಡಿಯುವ ಮೊದಲ ಲೇಪ, ಅಥವಾ ಅಂಥದ್ದೊಂದು ಇಲ್ಲದೆ ಬಣ್ಣ ಅಲ್ಯೂಮಿನಿಯಂಗೆ ಸರಿಯಾಗಿ ಕಚ್ಚದು. ಹೊಳೆಯುವ ಎನಾಮಲ್‌ನಲ್ಲಿ ಗೀರು ಎದ್ದು ಕಾಣುತ್ತದೆ, ಬಾತುಬೇಟೆಯವರು ಹಚ್ಚುವ ಮಂಕು ಬಣ್ಣದಲ್ಲಿ ತೇಪೆ ಹಾಕಿದ್ದೂ ಕಾಣುವುದಿಲ್ಲ. ಎರಡನೆಯದೇ ವಾಸಿ. ತಳಕ್ಕೆ ಬಣ್ಣವೇ ಬೇಡ. ತಾಮ್ರವಿರುವ ತಳದ ಬಣ್ಣ ಅಂತೂ ಅಲ್ಯೂಮಿನಿಯಂ ಹತ್ತಿರ ಸುಳಿಯಬಾರದು.

ಬ್ಯಾಟರಿ

ಮೀನು ಹಿಡಿಯುವಾಗ ದೋಣಿಯನ್ನು ಸದ್ದಿಲ್ಲದೆ ನಡೆಸುವ ಸಣ್ಣ ವಿದ್ಯುತ್ ಮೋಟರ್‌ಗೆ ಟ್ರೋಲಿಂಗ್ ಮೋಟರ್ ಎನ್ನುತ್ತಾರೆ. 55 ಪೌಂಡ್ ಎಳೆತದ್ದು ಪೂರ್ತಿ ವೇಗದಲ್ಲಿ 50 ಆಂಪಿಯರ್ ಸುತ್ತಮುತ್ತ ಎಳೆಯುತ್ತದೆ. ಗ್ರೂಪ್ 27 ಎಂಬ ಅಳತೆಯ ಲೆಡ್ ಆಸಿಡ್ ಬ್ಯಾಟರಿ 27 ಕಿಲೋ ಆಸುಪಾಸು. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಅದರ ಅರ್ಧ ತೂಕವೂ ಇಲ್ಲ, ಬಹುಪಾಲು ಬಳಸಬಹುದು, ಕೊನೆಯತನಕ ವೇಗ ಇಳಿಯುವುದಿಲ್ಲ. ಸಂಜೆ ಎದುರುಗಾಳಿಯಲ್ಲಿ ದಡಕ್ಕೆ ಬರುವಾಗ ಈ ಕೊನೆಯ ಗುಣದ ಬೆಲೆ ಗೊತ್ತಾಗುತ್ತದೆ.

ಇಷ್ಟಾದರೂ ಮಿನ್ನೆಸೋಟದಲ್ಲಿ ಲಿಥಿಯಂಗೆ ಒಂದು ಮುಳ್ಳಿದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಅಕ್ಟೋಬರ್ ಕೊನೆಯ ರಾತ್ರಿಗಳಲ್ಲಿ ಗರಾಜಿನಲ್ಲೇ ಚಾರ್ಜರ್ ಸಿಕ್ಕಿಸಿ ಮಲಗುವ ಅಭ್ಯಾಸ ಬಿಟ್ಟು, ಬ್ಯಾಟರಿಯನ್ನು ಮನೆಯೊಳಗೆ ತರಬೇಕಾಯಿತು. ಹನ್ನೆರಡು ಕಿಲೋ ಆದ್ದರಿಂದ ತರಲು ತೊಂದರೆಯಿಲ್ಲ, ತೊಂದರೆ ಮನೆಯವರ ಮುಖ ನೋಡುವುದರಲ್ಲಿ. ಲೆಡ್ ಆಸಿಡ್ ಪೂರ್ತಿ ಚಾರ್ಜ್ ಆಗಿದ್ದರೆ ಚಳಿಗಾಲವನ್ನು ಗರಾಜಿನಲ್ಲೇ ಕಳೆಯುತ್ತದೆ, ಖಾಲಿ ಬಿಟ್ಟರೆ ಮಾತ್ರ ಒಳಗೆ ಹೆಪ್ಪುಗಟ್ಟಿ ಒಡೆಯುತ್ತದೆ. ತೂಕಕ್ಕಾಗಿ ನಾನು ಲಿಥಿಯಂ ಹಿಡಿದೆ. ಮೋಟರ್, ಟ್ಯಾಂಕ್, ಮನುಷ್ಯ ಮೂವರೂ ಹಿಂದೆ ಕೂರುವ ಸಣ್ಣ ದೋಣಿಯಲ್ಲಿ ಬ್ಯಾಟರಿಯನ್ನು ಮುಂದಕ್ಕೆ ಸಾಗಿಸಿ, ದಪ್ಪ ತಂತಿ ಎಳೆದು, ಬ್ಯಾಟರಿಯ ಬಳಿಯೇ 60 ಆಂಪಿಯರ್ ಬ್ರೇಕರ್ ಹಾಕಿದ ಮೇಲೆ ಮೂತಿ ನೀರಿಗೆ ಸರಿಯಾಗಿ ಕೂತಿತು.

ಗೆಳೆಯ ಲೆಡ್ ಆಸಿಡ್‌ನಲ್ಲೇ ಇದ್ದಾನೆ, ಉಳಿದ ದುಡ್ಡಿಗೆ ಮೀನು ತೋರಿಸುವ ಸೋನಾರ್ ತಂದ. ಈ ವಸಂತಕ್ಕೆ ಅವನ ನೆಲದ ಕೆಲಸ ಬಾಕಿಯಿದೆ. ನನ್ನ ತಗಡಿನ ಮೇಲೆ ನಿಂತು ನೋಡಿ, ಎಲ್ಲ ಕೇಳಿಸಿಕೊಂಡು, "ಗುರೂ, ನೀನೇನಾದ್ರೂ ಹೇಳು, ನಾನು ಕಾರ್ಪೆಟ್ಟೇ ಹಾಕ್ಸೋದು" ಎಂದ. ರೋಲ್ ಆಗಲೇ ಬಂದು ನನ್ನ ಗರಾಜಿನ ಮೂಲೆಯಲ್ಲಿ ನಿಂತಿದೆ.